ಅರ್ಥ, ಪ್ರಯೋಗ

ಏಳನೇ ಪಾಠದ ಸಂಜೆ, ಕೋಡಿಬಾಗದ ಅಂಗನವಾಡಿಯಲ್ಲಿ
ಮಕ್ಕಳ ಕುರ್ಚಿಗಳನ್ನು ಗೋಡೆಗೆ ಸರಿಸಿ
ಚಾಪೆಯ ಮೇಲೆ ಕೂತಿದ್ದರು ಒಂಬತ್ತು ಜನ ಮೀನು ಮಾರುವವರು.
ನೇವಿ ಕಾಲನಿಯ ಮೇಡಮ್ಮುಗಳಿಗೆ
ಫ್ರೆಶ್ಶು, ಕೆಜಿಗಿಷ್ಟು, ಮುಳ್ಳು ಕಮ್ಮಿ ಎನ್ನುವಷ್ಟು
ಇಂಗ್ಲಿಷು ಬೇಕಿತ್ತು ಅವರಿಗೆ.
ಅಷ್ಟೇ ಸಾಕಿತ್ತು. ನನಗೂ.

ಚಂಪಾ ದುರ್ಗೇಕರ ಮಾತ್ರ
ಸೆರಗಿನ ಗಂಟಿನಿಂದ ಬ್ಯಾಂಕಿನ ಚಲನ್ ಬಿಚ್ಚಿದಳು.
ಹಿಂಬದಿಯಲ್ಲಿ ಒಂಬತ್ತು ಅಕ್ಷರ,
ಯಾರದೋ ಅಂಗಳದ ರಂಗೋಲಿ ನೋಡಿ ನೋಡಿ ಇಳಿಸಿಕೊಂಡಂತೆ.
'ಅಕ್ಕೋರೇ, ಇದು ಎಂತ?'

ಪ್ರಿವಿಲೇಜ್, ಎಂದೆ.
ನಡುವೆ ಡಿ ಬರುವುದಿಲ್ಲ, ಓದಿದವರೂ ತಪ್ಪುವುದು ಅಲ್ಲೇ,
ನೀನು ಸರಿಯಾಗಿ ಬರೆದಿದ್ದೀ.
ಅರ್ಥ: ವಿಶೇಷ ಸವಲತ್ತು. ಕೆಲವರಿಗಷ್ಟೇ ಇರುವಂಥದು.
ಉದಾಹರಣೆಗೆ, ನನ್ನ ಅಪ್ಪ ಬಂದರು ಕಚೇರಿಯ ಗುಮಾಸ್ತ.
ಅವರ ರಜೆಯ ಲೆಕ್ಕದಲ್ಲಿ ಪಿ.ಎಲ್. ಎಂದಿರುತ್ತಿತ್ತು, ಪಿ ಎಂದರೆ ಇದೇ.
ಜ್ವರ ಬಂದರೂ ಉಳಿಸಿ, ಅಜ್ಜಿ ಸತ್ತರೂ ಉಳಿಸಿ
ರಿಟೈರಾದಾಗ ಮಾರಿಕೊಂಡರು. ನನ್ನ ಬಿ.ಎಡ್. ಆ ರಜೆಯದು.

ಸಭೆಗಳಲ್ಲೂ ಹೇಳುತ್ತಾರೆ,
ತಮ್ಮನ್ನು ಕಂಡದ್ದು ನನ್ನ ಪ್ರಿವಿಲೇಜ್ ಅಂತ.
ಅಲ್ಲಿ ಅದಕ್ಕೆ ಅರ್ಥವಿಲ್ಲ, ಶಾಲಿನ ಹಾಗೆ
ಹೊದೆಸಿ, ಫೋಟೋ ತೆಗೆದು, ಮಡಚಿಡುವುದು.

'ರೇಶನ್ ಕಾರ್ಡಾ?' ಅಂದಳು ಶೇವಂತಿ. ಅಲ್ಲ.
'ಹಕ್ಕಾ?' ಅಲ್ಲ, ಹಕ್ಕು ಎಲ್ಲರದು.
'ಹಾಗಾದರೆ ಪುಣ್ಯ.'
ಸೀಮೆಸುಣ್ಣ ನನ್ನ ಕೈಯಲ್ಲೇ ಮುರಿಯಿತು.
'ಮಳೆಗಾಲದಲ್ಲಿ ಎರಡು ತಿಂಗಳು ಬೋಟು ದಡದಲ್ಲೇ,
ಅದೂ ಪಿ.ಎಲ್.ಲಾ?' ಎಂದರು ಹಿಂದಿನಿಂದ. ನಕ್ಕರು.

ಚಂಪಾ ನಗಲಿಲ್ಲ.
'ಅರ್ಥ ಇರಲಿ ಅಕ್ಕೋರೇ, ಆದದ್ದು ಕೇಳಿ.
ಟೋಕನ್ ಅರವತ್ತನಾಲ್ಕು. ನಡೆಯುತ್ತಿದ್ದದ್ದು ಹದಿನೆಂಟು.
ಮೊಣಕಾಲು ಕೇಳಬೇಕಲ್ಲ.
ಮೆತ್ತನೆ ಕುರ್ಚಿ ಒಂದು ಖಾಲಿ ಇತ್ತು, ಕೂತೆ.
ಟೈ ಕಟ್ಟಿದ ಹುಡುಗ ಬಂದ. ಬೈಯಲಿಲ್ಲ, ಒಳ್ಳೇವನೇ,
ಏಳಿ ಅಮ್ಮ, ಬೋರ್ಡು ನೋಡಿ, ಅಂದ.
ನೋಡಿದೆ. ಇದಿತ್ತು.
ಎದ್ದ ಮೇಲೆ ಕುರ್ಚಿಗೆ ಸೆಂಟು ಹೊಡೆದ.
ನನ್ನ ನೋಟಿಗೂ ಬಂಗಡೆಯದೇ ವಾಸನೆ,
ಅದನ್ನು ಮಾತ್ರ ಎರಡೆರಡು ಸಲ ಎಣಿಸಿ ತಕ್ಕೊಂಡರು.'

ಪ್ರಯೋಗ ಅವಳ ಮೇಲೆ ಮೊದಲೇ ಆಗಿಹೋಗಿತ್ತು.
ಅರ್ಥವೊಂದು ಬಾಕಿಯಿತ್ತು, ಅದಕ್ಕೆ ಬಂದಿದ್ದಳು.

ಆಮೇಲೆ ಅದನ್ನೂ ಅವಳೇ ಹೇಳಿದಳು:
'ನಮ್ಮ ಮಾರ್ಕೆಟ್ಟಲ್ಲಿ ಕಂಬದ ಬುಡ ಉಂಟಲ್ಲ, ನೆರಳು ಬೀಳುವಲ್ಲಿ,
ಅಲ್ಲಿ ಕೂತವಳ ಬರ್ಫ ಹನ್ನೊಂದಕ್ಕೂ ಬರ್ಫ.
ನನ್ನದು ಒಂಬತ್ತಕ್ಕೇ ನೀರು.
ಮೀನು ಇಬ್ಬರದ್ದೂ ಒಂದೇ ಬೋಟಿನದು.
ಅವಳಿಗೆ ಅತ್ತೆಯ ಜಾಗ ಬಂತು. ಕೆಟ್ಟವಳಲ್ಲ,
ಬಿಸಿಲು ಎಷ್ಟು ಹೊತ್ತಿಗೆ ಏರುತ್ತದೆಂದು ಗೊತ್ತಿಲ್ಲ, ಅಷ್ಟೆ.
ಇದು ಅದೇ ತಾನೆ?'

ಶೇವಂತಿ ಚಾಪೆಯ ಅಂಚಿನ ದಾರ ಎಳೆಯುತ್ತಿದ್ದಳು.

ಅದೇ, ಎಂದೆ. ಬೋರ್ಡಿನ ಮೇಲೆ ಬರೆದೆ.
ಹೋದ ತಿಂಗಳು ಆ ಕುರ್ಚಿಯಲ್ಲಿ ನಾನೂ ಕೂತದ್ದು,
ಅಪ್ಪನ ಠೇವಣಿ ಹೊಸದು ಮಾಡಿಸಲು,
ಕೇಳದೆಯೂ ಕಾಫಿ ಬಂದದ್ದು,
ಬೋರ್ಡನ್ನು ತಲೆಯೆತ್ತಿಯೂ ನೋಡದೆ ಎದ್ದು ಬಂದದ್ದು
ಹೇಳಲಿಲ್ಲ.

ಶನಿವಾರ ಮಾರ್ಕೆಟ್ಟಿಗೆ ಹೋದೆ.
ಬಿಸಿಲಲ್ಲೇ ಕೂತಿದ್ದಳು, ತಲೆಗೆ ಗೋಣಿಯ ಮಡಿಕೆ.
ಹತ್ತು ಬಂಗಡೆ ಎಣಿಸಿ ಹಾಕಿದಳು.
ಹನ್ನೊಂದನೆಯದು, ಯಾವಾಗಿನ ಕೊಸರು,
ಅಕ್ಕೋರೆಂದು ನನಗೆ, ಇಷ್ಟು ವರ್ಷ ನಾನು ಲೆಕ್ಕವೇ ಇಡದ್ದು,
ಬಾಲ ಹಿಡಿದು ಎತ್ತಿದಳು.
ಚೀಲಕ್ಕೂ ಬುಟ್ಟಿಗೂ ನಡುವೆ ತೂಗುತ್ತಿತ್ತು ಮೀನು,
ಬರ್ಫದ ನೀರು ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.
'ಇದಕ್ಕೂ ಡಿ ಇಲ್ಲ, ಅಲ್ಲವಾ ಅಕ್ಕೋರೇ?'
ಕಣ್ಣು ಕಿರಿದು ಮಾಡಿ ಕೇಳಿದಳು, ಬಿಸಿಲಿಗೋ, ನಗುವಿಗೋ.

ನಾನು ಚೀಲದ ಬಾಯಿ
ಇನ್ನೂ ಅಗಲಿಸಿಯೇ ಹಿಡಿದಿದ್ದೆ.